ದಿಢೀರ್ ಕಾಫಿಯ ರುಚಿ

ಬ್ರೂ, ಸನ್‌ರೈಸ್ ಎರಡರಲ್ಲೂ ಚಿಕೋರಿ ಬೆರೆತಿರುತ್ತದೆ. ಪ್ರಮಾಣವನ್ನು ಪೊಟ್ಟಣದ ಮೇಲೆಯೇ ಮುದ್ರಿಸಿರುತ್ತಾರೆ. ನೆಸ್‌ಕೆಫೆ ಕ್ಲಾಸಿಕ್ ಅಪ್ಪಟ ಕಾಫಿ. ಅಪ್ಪಟವಾದುದೇ ಉತ್ತಮವೆಂಬ ತರ್ಕವನ್ನು ನನ್ನ ನಾಲಗೆ ಒಪ್ಪದು. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಆದರೆ ಹುರಿದ ಆ ಬೇರು ಹಾಲಿಗೆ ಸೋಲದ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಕ್ಲಾಸಿಕ್‌ಗೆ ಹಾಲು ತುಸು ಹೆಚ್ಚಾದರೂ ಬರಿಯ ಕಹಿ ಉಳಿಯುತ್ತದೆ.

ನನ್ನವಳು ಅಂಗಡಿಯಲ್ಲಿ ನಿಂತು, 80 ಪಾಲು ಕಾಫಿಗೆ 20 ಪಾಲು ಚಿಕೋರಿ ಎಂದು ಹೇಳಿ, ಕಣ್ಣೆದುರೇ ಪುಡಿ ಮಾಡಿಸಿ ತರುತ್ತಿದ್ದಳು. ಅವಳು ಹೋದ ಮೇಲೆ ಒಂದು ಲೋಟಕ್ಕಾಗಿ ಫಿಲ್ಟರ್ ಹಾಕುವುದು ನಿಂತಿತು. ಆ ರುಚಿಗೆ ಸಮನಲ್ಲದಿದ್ದರೂ ತೀರ ದೂರವೂ ಅಲ್ಲದ್ದು ಸನ್‌ರೈಸ್. ನನ್ನ ಪಕ್ಷಪಾತಕ್ಕೆ ಕಾರಣ ಇಷ್ಟೇ.

ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ವಿದೇಶದಿಂದ ದುಬಾರಿ ಬಾಟಲಿಯೊಂದನ್ನು ತಂದುಕೊಟ್ಟ. ಸಾಮಾನ್ಯ ದಿಢೀರ್ ಪುಡಿಯಾಗುವುದು ಕಾಫಿಯ ರಸವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿದಾಗ. ಇದಾದರೋ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದ್ದು. ಆದ್ದರಿಂದ ಸುವಾಸನೆ ಹೆಚ್ಚು ಉಳಿಯುತ್ತದೆ. ಹಾಲಿಲ್ಲದೆ ಕುಡಿದಾಗ ಇದರ ಮುಂದೆ ಉಳಿದವೆಲ್ಲ ಸಪ್ಪೆ, ಎರಡು ಮಾತಿಲ್ಲ. ಆದರೆ ಹಾಲಿಲ್ಲದ ಕಾಫಿ ಈ ವಯಸ್ಸಿನಲ್ಲಿ ನನಗೆ ರೂಢಿಯಾಗಬೇಕಲ್ಲ! ಹಾಲು ಬೆರೆಸಿದೊಡನೆ ಅದರ ಹಿರಿಮೆಯೂ ಕರಗಿತು. ಬಾಟಲಿಯನ್ನು ಅತಿಥಿಗಳಿಗೆಂದು ಮೀಸಲಿಟ್ಟಿದ್ದೇನೆ. ಓದುತ್ತಿದ್ದರೆ ಬೇಸರಿಸಬೇಡಪ್ಪ.