ಸುಮ್ಮನೆ ಕೂತಿರುವ ಕಾವಲುಗಾರ

ಕೀಲಿ ಕೊಟ್ಟರೆ ಹಾಡುವ ಪುಟ್ಟ ಪೆಟ್ಟಿಗೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಉಡುಗೊರೆ ಅಂಗಡಿಗಳಲ್ಲಿ ಸಿಗುತ್ತದೆ. ಮುಚ್ಚಳ ತೆಗೆದರೆ ಗೊಂಬೆಯೊಂದು ಗಿರ್ರನೆ ಸುತ್ತುತ್ತದೆ, ಟಿಣ್ ಟಿಣ್ ಎಂದು ಹಾಡು ಬರುತ್ತದೆ. ಬ್ಯಾಟರಿ ಇಲ್ಲ, ವೈರ್ ಇಲ್ಲ, ಚಾರ್ಜ್ ಮಾಡುವ ತಾಪತ್ರಯವಿಲ್ಲ. ಹಾಗಾದರೆ ಒಳಗೆ ಕೂತು ಹಾಡುತ್ತಿರುವವರು ಯಾರು?

ನಮ್ಮ ಮನೆಗೆ ಇಂಥದ್ದೊಂದು ಬಂದಾಗ ಐದನೇ ಕ್ಲಾಸಿನ ಮೊಮ್ಮಗಳು ಕೇಳಿದ ಮೊದಲ ಪ್ರಶ್ನೆಯೇ ಇದು. ಅವಳ ಪೆಟ್ಟಿಗೆಯ ತಳದಲ್ಲಿ ಗಾಜು ಇತ್ತು. ಇಬ್ಬರೂ ಭೂತಗನ್ನಡಿ ಹಿಡಿದು ನೋಡಿದೆವು. ಒಳಗೆ ಉಕ್ಕಿನ ಒಂದು ಬಾಚಣಿಗೆ. ಅದರ ಹಲ್ಲುಗಳನ್ನು ಅವಳೇ ಎಣಿಸಿದಳು, ಹದಿನೆಂಟು. ಅದರ ಮುಂದೆ ಹಿತ್ತಾಳೆ ಬಣ್ಣದ ಒಂದು ಉರುಳೆ. ಉರುಳೆಯ ಮೈತುಂಬ ಹಲಸಿನ ಹಣ್ಣಿನ ಮೇಲಿರುವಂತೆ ಸಣ್ಣ ಸಣ್ಣ ಮುಳ್ಳು. ಉರುಳೆ ತಿರುಗಿದಾಗ ಒಂದೊಂದು ಮುಳ್ಳೂ ಒಂದೊಂದು ಹಲ್ಲನ್ನು ಮೀಟಿ ಬಿಡುತ್ತದೆ.

ಕ್ಲಾಸಿನಲ್ಲಿ ಮೇಷ್ಟ್ರು ಇಲ್ಲದಾಗ ಡೆಸ್ಕಿನ ಅಂಚಿಗೆ ಸ್ಟೀಲ್ ಸ್ಕೇಲು ಒತ್ತಿ ಹಿಡಿದು ಟೊಂಯ್ ಎನಿಸುತ್ತೀರಲ್ಲ, ಅದೇ ವಿದ್ಯೆ. ಸ್ಕೇಲು ಹೆಚ್ಚು ಹೊರಗಿದ್ದರೆ ದಪ್ಪ ದನಿ, ಕಡಿಮೆ ಇದ್ದರೆ ಕೀಚಲು ದನಿ. ಬಾಚಣಿಗೆಯಲ್ಲೂ ಉದ್ದದ ಹಲ್ಲಿಗೆ ಕೆಳಗಿನ ಸ್ವರ, ಗಿಡ್ಡ ಹಲ್ಲಿಗೆ ಮೇಲಿನ ಸ್ವರ. ಕಚೇರಿಯಲ್ಲಿ ಮೋರ್ಚಿಂಗ್ ನುಡಿಸುವುದನ್ನು ಕೇಳಿದ ಅಜ್ಜ ಅಜ್ಜಿಯರಿಗೆ, ಉಕ್ಕಿನ ನಾಲಗೆಯೊಂದು ಮೀಟಿದರೆ ಎಷ್ಟು ಚೆನ್ನಾಗಿ ಮಾತಾಡುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಇನ್ನು ಉರುಳೆಯನ್ನು ತಿರುಗಿಸುವವರು ಯಾರು? ಸುರುಳಿ ಸುತ್ತಿದ ಸ್ಪ್ರಿಂಗ್. ನಾವು ಕೀಲಿ ಕೊಟ್ಟಾಗ ನಮ್ಮ ಕೈಯ ಶಕ್ತಿ ಅದರಲ್ಲಿ ಜಮಾ ಆಗುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಬೇರೆ ಮಾತು ಹೊಳೆಯುವುದಿಲ್ಲ! ಕಷ್ಟ ಇರುವುದು ಜಮಾದಲ್ಲಲ್ಲ, ಖರ್ಚಿನಲ್ಲಿ. ಕೀಲಿ ಕೊಟ್ಟ ಆಟದ ಕಾರನ್ನು ನೆಲದಿಂದ ಮೇಲೆತ್ತಿ ಹಿಡಿಯಿರಿ. ಝರ್‍ರ್ ಎಂದು ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗಿನ ಸ್ವಭಾವವೇ ಹಾಗೆ, ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಕೊಟ್ಟುಬಿಡುವ ದುಂದುಗಾರ. ಹಾಡಿಗೋ ತಾಳ ಬೇಕು, ನಿಧಾನ ಬೇಕು.

ಅದಕ್ಕೊಂದು ಉಪಾಯ ಮಾಡಿದ್ದಾರೆ. ಉರುಳೆಯ ಜೊತೆ ನಾಲ್ಕಾರು ಹಲ್ಲುಚಕ್ರಗಳನ್ನು ಸೇರಿಸಿ, ಕೊನೆಯಲ್ಲಿ ಸ್ಕ್ರೂ ಮರೆಯಿರುವ ಸಣ್ಣದೊಂದು ಕಂಬಿ ನಿಲ್ಲಿಸುತ್ತಾರೆ. ಆ ಕಂಬಿಯ ಮೇಲೆ ತೆಳುವಾದ ಪುಟ್ಟ ರೆಕ್ಕೆ. ಉರುಳೆ ಮೆಲ್ಲಗೆ ತಿರುಗುವಾಗ ಈ ರೆಕ್ಕೆ ಕಣ್ಣಿಗೆ ಕಾಣದಷ್ಟು ಜೋರಾಗಿ ಸುತ್ತುತ್ತದೆ. ಸುತ್ತುವಾಗ ಗಾಳಿ ಅದಕ್ಕೆ ಅಡ್ಡ ಬರುತ್ತದೆ. ಒಂದು ರಟ್ಟನ್ನು ಅಡ್ಡಡ್ಡ ಹಿಡಿದು ಓಡಿ ನೋಡಿ, ಗಾಳಿ ಹೇಗೆ ತಡೆಯುತ್ತದೆ ಗೊತ್ತಾಗುತ್ತದೆ. ಸ್ಪ್ರಿಂಗ್ ಎಷ್ಟೇ ಅವಸರಪಟ್ಟರೂ ಗಾಳಿ ಬಿಡುವುದಿಲ್ಲ. ಒಂದು ಬೆರಳಿನ ಉಗುರಿಗಿಂತ ಚಿಕ್ಕದಾದ ರೆಕ್ಕೆ ಇಡೀ ಹಾಡಿಗೆ ತಾಳ ಹಿಡಿದಿರುತ್ತದೆ.

ಇದನ್ನೆಲ್ಲ ಮೊದಲು ಯೋಚಿಸಿದವರು ಗಡಿಯಾರದವರು. 1796ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಆಂತ್ವಾನ್ ಫಾವ್ರ್ ಎಂಬ ಗಡಿಯಾರ ತಯಾರಕ, ಗಂಟೆಯೂ ಸುತ್ತಿಗೆಯೂ ಇಲ್ಲದೆ ಬರೀ ಉಕ್ಕಿನ ಪಟ್ಟಿಗಳಿಂದ ಹಾಡಿಸಬಹುದೆಂದು ತೋರಿಸಿದ. ಆಮೇಲೆ ಈ ಕಸುಬು ಜೂರಾ ಬೆಟ್ಟಗಳ ಸೇಂತ್ ಕ್ರ್ವಾ ಎಂಬ ಊರಿನಲ್ಲಿ ಬೇರೂರಿತು. ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟೇ ಎತ್ತರದ ಊರು. ಅಲ್ಲಿನ ಚಳಿಗಾಲ ಬಹಳ ಉದ್ದ. ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಮನೆಮನೆಯಲ್ಲೂ ಕಿಟಕಿಯ ಬೆಳಕಿಗೆ ಕೂತು ಈ ಸೂಕ್ಷ್ಮ ಕೆಲಸ ಮಾಡುತ್ತಿದ್ದರು. ದೊಡ್ಡ ಪೆಟ್ಟಿಗೆಯ ಉರುಳೆಯಲ್ಲಿ ಸಾವಿರಾರು ಮುಳ್ಳುಗಳಿರುತ್ತವೆ. ಒಂದೊಂದಕ್ಕೂ ಒಂದೊಂದು ತೂತು, ಒಂದೊಂದು ತೂತಿಗೂ ಕೂದಲೆಳೆಯಂಥ ಒಂದು ತಂತಿ. ಕೂರಿಸುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಹೂ ಕಟ್ಟುವವರ ಬೆರಳು ನೋಡಿದವರು ಆ ಬೆರಳುಗಳನ್ನೂ ಊಹಿಸಿಕೊಳ್ಳಬಹುದು.

ಈಗ ಒಂದು ಬೇಸರದ ಸಂಗತಿ ಹೇಳಬೇಕು.

ನನ್ನ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದ ಗೆಳೆಯನ ತಂದೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ತೋಟದ ಧಣಿ ಊರು ಬಿಡುವಾಗ ಅವರಿಗೊಂದು ಸಂಗೀತ ಪೆಟ್ಟಿಗೆ ಕೊಟ್ಟು ಹೋಗಿದ್ದರಂತೆ. ಮೊಳದುದ್ದದ ಮರದ ಪೆಟ್ಟಿಗೆ, ನಾಲ್ಕು ಹಾಡು. ಭಾನುವಾರ ಸಂಜೆ ದೀಪ ಹಚ್ಚಿದ ಮೇಲೆ ಆ ತಂದೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅದಕ್ಕೆ ಕೀಲಿ ಕೊಡುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಪೆಟ್ಟಿಗೆ ತಡವರಿಸತೊಡಗಿತು. ಗೆಳೆಯ ಅದನ್ನು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವವರೊಬ್ಬರಲ್ಲಿಗೆ ಒಯ್ದ. ಜೊತೆಗೆ ನಾನೂ ಹೋಗಿದ್ದೆ. ಆತ ಒಳ್ಳೆಯ ಕೆಲಸಗಾರ, ಆದರೆ ಅವರಿಗೆ ಗೊತ್ತಿದ್ದದ್ದು ವೈರುಗಳ ಸಂಸಾರ. ರೆಕ್ಕೆಗೆ ಧೂಳು ಕಟ್ಟಿದೆ, ಬಿಚ್ಚಿ ಒರೆಸೋಣ ಎಂದು ಎರಡು ಸ್ಕ್ರೂ ತೆಗೆದರು. ಸ್ಪ್ರಿಂಗಿನಲ್ಲಿ ಪೂರ್ತಿ ಕೀಲಿ ಇತ್ತು.

ಎರಡು ಸೆಕೆಂಡ್ ಇರಬಹುದು. ತಗಡಿನ ಮೇಲೆ ಜಲ್ಲಿ ಸುರಿದಂಥ ಶಬ್ದ. ತಾಳ ಹಿಡಿದಿದ್ದ ರೆಕ್ಕೆ ಇಲ್ಲದೆ ಉರುಳೆ ಬುಗುರಿಯಂತೆ ಸುತ್ತಿಬಿಟ್ಟಿತ್ತು. ಸದ್ದು ನಿಂತಾಗ ಬಾಚಣಿಗೆಯ ಹಲ್ಲುಗಳು ಸಾಲಾಗಿ ಮುರಿದಿದ್ದವು, ಪೆಟ್ಟಿಗೆಯ ತಳದಲ್ಲಿ ಮುರಿದ ಮುಳ್ಳುಗಳು ಉದುರಿದ್ದವು. ರಿಪೇರಿಯವರು ಕೈ ಮುಗಿದು ನಿಂತುಬಿಟ್ಟರು. ಗೆಳೆಯ ಏನೂ ಅನ್ನಲಿಲ್ಲ. ಚೂರುಗಳನ್ನೆಲ್ಲ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡ. ಬಸ್ಸಿನಲ್ಲಿ ಬರುವಾಗ ಮಾತ್ರ, "ನಮ್ಮಪ್ಪ ಇನ್ನೊಂದ್ ಸಲ ಹೋದ್ಹಾಗಾಯ್ತು ಕಣಯ್ಯ" ಅಂದ.

ನೂರು ವರ್ಷ ಹಾಡಿದ್ದು ಎರಡು ಸೆಕೆಂಡಿನಲ್ಲಿ ಹೋಯಿತಲ್ಲ, ಇದಕ್ಕೊಂದು ತಡೆಯನ್ನು ಮಾಡಿದವರು ಯಾರೂ ಯೋಚಿಸಲಿಲ್ಲವೇ ಎಂಬುದು ನನ್ನ ತಲೆಯಲ್ಲಿ ಬಹಳ ದಿನ ಕೊರೆಯುತ್ತಿತ್ತು. ನಿವೃತ್ತನಾದ ಮೇಲೆ ಮಗಳು ಅಳಿಯನ ಜೊತೆ ಇರಲು ಲೋಸಾನ್ ಎಂಬ ಊರಿಗೆ ಹೋಗಿದ್ದೆ. ಅಲ್ಲಿಂದ ಸೇಂತ್ ಕ್ರ್ವಾ ದೂರವೇನಲ್ಲ. ಇವರ್ದೋನ್ ಎಂಬಲ್ಲಿ ಇಳಿದು ಬೆಟ್ಟ ಹತ್ತುವ ಚಿಕ್ಕ ರೈಲು ಹಿಡಿಯಬೇಕು. ಅಲ್ಲಿನ ಮ್ಯೂಸಿಯಂನಲ್ಲಿ ಹಳೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ಹಾಡಿಸಿ ತೋರಿಸುತ್ತಾರೆ. ನಾನು ಮಗಳ ಮೂಲಕ ಕೇಳಿದೆ: ರೆಕ್ಕೆ ಕೈಕೊಟ್ಟರೆ ಏನು ಗತಿ? ಪ್ರಶ್ನೆ ಕೇಳಿ ಆ ಊರಿನವರು ನಕ್ಕರು. ಅವರಲ್ಲಿ ಎಲ್ಲರಿಗೂ ಗೊತ್ತಿರುವ ಭಯ ಅದು. ಉತ್ತರವೂ ಇತ್ತು.

ಆ ಊರಿನಲ್ಲಿ ಮೆರ್ಮೊ ಸಹೋದರರ ಕಂಪನಿ ಎಂದೊಂದಿತ್ತು. ಅವರ ಪೆಟ್ಟಿಗೆಗಳನ್ನು ಅಮೆರಿಕದ ನ್ಯೂಯಾರ್ಕಿನಲ್ಲಿ ಮಾರುತ್ತಿದ್ದವರು ಜಾಕೋ ಮನೆತನದವರು. 1880ರ ದಶಕದಲ್ಲಿ ಅವರು ಇಂಥ ಪೆಟ್ಟಿಗೆಗಳಿಗೆ ಒಂದು ರಕ್ಷಣೆಯ ಸಾಧನ ಹಾಕಿಸಿದರು. 'ಜಾಕೋ ಸೇಫ್ಟಿ ಚೆಕ್' ಎಂದೇ ಅದಕ್ಕೆ ಹೆಸರು. ಉರುಳೆ ತನ್ನ ಪಾಡಿಗೆ ಮೆಲ್ಲಗೆ ತಿರುಗುತ್ತಿರುವಷ್ಟು ಕಾಲ ಅದು ಉರುಳೆಯ ತಂಟೆಗೆ ಹೋಗುವುದಿಲ್ಲ. ರೆಕ್ಕೆ ಮುರಿದೋ ಚಕ್ರ ಜಾರಿಯೋ ವೇಗ ಮಿತಿ ಮೀರಿತೋ, ಆ ಕ್ಷಣವೇ ಅಡ್ಡ ಬಂದು ಉರುಳೆಯನ್ನು ಹಿಡಿದು ನಿಲ್ಲಿಸುತ್ತದೆ. ಹಾಡು ನಿಲ್ಲುತ್ತದೆ, ಆದರೆ ಹಲ್ಲೂ ಮುಳ್ಳೂ ಉಳಿಯುತ್ತವೆ.

ಮಕ್ಕಳೇ, ಇದು ಹೇಗೆಂದು ತಿಳಿಯಬೇಕಾದರೆ ಕಾರಿನ ಸೀಟ್ ಬೆಲ್ಟ್ ಎಳೆದು ನೋಡಿ. ಮೆಲ್ಲಗೆ ಎಳೆದರೆ ಬರುತ್ತದೆ. ತಟ್ಟನೆ ಜಗ್ಗಿದರೆ ಹಿಡಿದುಕೊಳ್ಳುತ್ತದೆ. ಅಜ್ಜಿಯಂದಿರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಕುಕ್ಕರಿನ ಮೇಲೆ ಕೂತು ದಿನಾ ಕೂಗುವ ವೆಯ್ಟ್ ಇದೆಯಲ್ಲ, ಅದು ಈ ರೆಕ್ಕೆ ಇದ್ದಂತೆ. ಮುಚ್ಚಳದಲ್ಲೇ ಸೇರಿಕೊಂಡಿರುವ ಸೇಫ್ಟಿ ವಾಲ್ವ್ ಈ ಜಾಕೋ ಸಾಧನ ಇದ್ದಂತೆ. ವರ್ಷಗಟ್ಟಲೆ ಸದ್ದಿಲ್ಲ. ವೆಯ್ಟಿನ ತೂತಿಗೆ ಬೇಳೆ ಸಿಕ್ಕಿಕೊಂಡ ದಿನ ಮಾತ್ರ ತಾನು ಕರಗಿ ಅಡುಗೆಮನೆಯನ್ನು ಉಳಿಸುತ್ತದೆ. ನೀವು ಹತ್ತುವ ಲಿಫ್ಟಿಗೂ ಇಂಥ ಒಬ್ಬ ಕಾವಲುಗಾರನಿದ್ದಾನೆ. ಎಲಿಷಾ ಓಟಿಸ್ ಎಂಬಾತ 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನೇ ಲಿಫ್ಟಿನ ಮೇಲೆ ನಿಂತು ಹಗ್ಗ ಕಡಿಸಿ, ಅದು ಕೆಳಗೆ ಬೀಳದೆ ನಿಲ್ಲುವುದನ್ನು ಜನರಿಗೆ ತೋರಿಸಿದ.

ಸಂಗೀತ ಪೆಟ್ಟಿಗೆಯಲ್ಲಿ ಇನ್ನೂ ಕೆಲವು ಕಾವಲುಗಳುಂಟು. ಕೀಲಿ ಕೊಡುವಾಗ ಕಟ ಕಟ ಎನ್ನುವುದು ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ. ದೊಡ್ಡ ಪೆಟ್ಟಿಗೆಗಳಲ್ಲಿ ಸ್ಪ್ರಿಂಗ್ ಡಬ್ಬಿಯ ಮೇಲೆ ಶಿಲುಬೆಯಾಕಾರದ ಚಿಕ್ಕದೊಂದು ಚಕ್ರ ಇರುತ್ತದೆ. ಎಷ್ಟು ಸುತ್ತು ಕೀಲಿ ಕೊಟ್ಟಿರಿ ಎಂದು ಅದು ಲೆಕ್ಕ ಇಡುತ್ತದೆ, ಲೆಕ್ಕ ಮುಗಿದಾಗ "ಸಾಕು" ಎಂದು ನಿಂತುಬಿಡುತ್ತದೆ. ಗುಮಾಸ್ತನಾದ ನನಗೆ ಆ ಚಕ್ರದ ಮೇಲೆ ವಿಶೇಷ ಪ್ರೀತಿ!

ಇಷ್ಟೆಲ್ಲ ಹೇಳಿದಾಗ ಮೊಮ್ಮಗಳು ಕೇಳಿದ್ದು ಹೀಗೆ: "ತಾತ, ಆ ಸೇಫ್ಟಿ ಚೆಕ್ ಒಂದ್ ಸಲಾನೂ ಕೆಲಸ ಮಾಡ್ದೇ ಇದ್ರೆ? ಅದನ್ನ ಸುಮ್ನೆ ಹಾಕಿದ್ಹಾಗೆ ತಾನೆ?"

ನಾನು ಅವಳಿಗೆ ಬ್ಯಾಂಕಿನ ತಿಜೋರಿಯ ಮಾತು ಹೇಳಿದೆ. ಅದಕ್ಕೆ ಎರಡು ಕೀಲಿ. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡನೆಯವರು ಎಷ್ಟೋ ವರ್ಷ ಬರೀ ಪಕ್ಕದಲ್ಲಿ ನಿಂತು ನೋಡುತ್ತಾರೆ. ಕಳ್ಳತನವಾಗುವುದಿಲ್ಲ, ಲೆಕ್ಕ ತಪ್ಪುವುದಿಲ್ಲ, ಅವರು ಏನೂ ಮಾಡಿದಂತೆ ಕಾಣುವುದಿಲ್ಲ. ಆದರೆ ಅವರು ಹಾಗೆ ನಿಂತಿರುವುದರಿಂದಲೇ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನ ಕೈಗೂ ಲಕ್ಷಗಟ್ಟಲೆ ನೋಟು ಎಣಿಸಲು ಧೈರ್ಯವಾಗಿ ಕೊಡಲು ಆಗುತ್ತದೆ. ಕಾವಲು ಇರುವುದು "ಮುಟ್ಟಬೇಡ" ಎನ್ನುವುದಕ್ಕಲ್ಲ ಪುಟ್ಟಿ, "ಮುಟ್ಟು, ಪರವಾಗಿಲ್ಲ" ಎನ್ನುವುದಕ್ಕೆ.

ಅವಳ ಹದಿನೆಂಟು ಹಲ್ಲಿನ ಪೆಟ್ಟಿಗೆಯಲ್ಲಿ ಜಾಕೋ ಸಾಧನವಿಲ್ಲ. ಅಷ್ಟು ಚಿಕ್ಕದರಲ್ಲಿ ಹಾಕಿರುವುದಿಲ್ಲ. ನನ್ನ ಹೆಂಡತಿ ಅದನ್ನು ಷೋಕೇಸಿನಲ್ಲಿಟ್ಟು ಬೀಗ ಹಾಕಬೇಕೆಂದಿದ್ದಳು. ನಾನೊಂದು ಏರ್ಪಾಡು ಮಾಡಿದೆ. ಪೆಟ್ಟಿಗೆ ಮೇಜಿನ ಮೇಲೇ ಇರಲಿ, ಮಗು ಕೀಲಿ ಕೊಡುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಪೇಪರ್ ಓದುತ್ತಾ ಕೂತಿರುತ್ತೇನೆ, ಅಷ್ಟೇ. ಇದುವರೆಗೆ ನಾನು ಕೈ ಚಾಚುವ ಪ್ರಸಂಗ ಬಂದಿಲ್ಲ.

ನಮ್ಮ ವಯಸ್ಸಿನವರಿಗೆ ಒಂದು ಕೊರಗು ಇರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತಿದ್ದೇವಲ್ಲ, ಯಾರಿಗೇನು ಉಪಯೋಗ ಎಂದು. ಪಾರ್ಕಿನ ಬೆಂಚಿನಲ್ಲಿ ಈ ಮಾತು ದಿನಾ ಕೇಳುತ್ತೇನೆ. ಅಂಥವರಿಗೆ ನಾನು ಈಗ ಜಾಕೋ ಸಾಧನದ ಕಥೆ ಹೇಳುತ್ತೇನೆ. ಸುಮ್ಮನೆ ಕೂರಬೇಕಾದ ಜಾಗದಲ್ಲಿ ಕಣ್ಣು ತೆರೆದು ಕೂತಿರುವುದೂ ಒಂದು ಕೆಲಸವೇ. ಪ್ರತಿ ಸುತ್ತಿಗೂ ಅಡ್ಡ ಬರುವ ಕಾವಲು ಇದ್ದರೆ ಪೆಟ್ಟಿಗೆ ಹಾಡುವುದಾದರೂ ಯಾವಾಗ?

ನಿಮ್ಮ ಮನೆಯಲ್ಲಿ ಇಂಥ ಪೆಟ್ಟಿಗೆ ಇದ್ದರೆ ನಾಲ್ಕು ಮಾತು ನೆನಪಿಡಿ. ಕೀಲಿ ಬಿಗಿಯಾಗಿ ಕೈಗೆ ತಡೆ ಸಿಕ್ಕಾಗ ನಿಲ್ಲಿಸಿ. ಹಾಡು ಪೂರ್ತಿ ಮುಗಿದ ಮೇಲೆ ಮುಚ್ಚಿಡಿ, ನಡುವೆ ನಿಲ್ಲಿಸಿದರೆ ಮುಳ್ಳು ಹಲ್ಲನ್ನು ಎತ್ತಿ ಹಿಡಿದೇ ಇರುತ್ತದೆ. ಬೇರೆ ಊರಿಗೆ ಒಯ್ಯುವ ಮುಂಚೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಹಾಡಿಸಿ. ಸ್ಪ್ರಿಂಗಿನಲ್ಲಿ ಕೀಲಿ ಇರುವಾಗ ಆ ಪುಟ್ಟ ರೆಕ್ಕೆಯ ಕಡೆಗೆ ಸ್ಕ್ರೂಡ್ರೈವರ್ ಒಯ್ಯಬೇಡಿ, ಒಯ್ಯಲು ಯಾರಿಗೂ ಬಿಡಬೇಡಿ.

ನನ್ನ ಗೆಳೆಯನ ಪೆಟ್ಟಿಗೆ ಇನ್ನೂ ಅವನ ಮನೆಯಲ್ಲಿದೆ. ಹಳೆಯ ಮುಳ್ಳುಗಳನ್ನೆಲ್ಲ ಆಸಿಡ್ಡಿನಲ್ಲಿ ಕರಗಿಸಿ ತೆಗೆದು, ಒಂದೊಂದಾಗಿ ಹೊಸದನ್ನು ಕೂರಿಸುವ ನಿಪುಣರು ಇಂದಿಗೂ ಯುರೋಪಿನಲ್ಲಿದ್ದಾರೆ ಎಂದು ಫೋನಿನಲ್ಲಿ ಹೇಳಿದೆ. ಖರ್ಚು ಕೇಳಿ ಅವನು ಜೋರಾಗಿ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಆ ಕರ್ಚೀಫಿನ ಗಂಟನ್ನು ಪೆಟ್ಟಿಗೆಯೊಳಗೇ ಜೋಪಾನವಾಗಿ ಇಟ್ಟಿರುವುದಾಗಿ ಹೇಳಿದ.