ಚಳಿಯೂರಿನ ಸುಡುಬಿಸಿಲು

ಲಡಾಖಿನ ಲೇಹ್ ಪಟ್ಟಣ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಮೇ ಕೊನೆಯಲ್ಲಿ ಕಲಬುರಗಿಯ ಕಾವಿನಿಂದ ಹೊರಟವರು ಅಲ್ಲಿ ಇಳಿದೊಡನೆ ಸ್ವೆಟರ್ ಹುಡುಕಿದೆವು. ಬೋಳು ಬೆಟ್ಟ, ನಡುವೆ ಪಾಪ್ಲರ್ ಮರಗಳ ಸಾಲು, ಮೇಲೆ ಕಡುನೀಲಿ ಆಕಾಶ. “ಇದೇನ್ ಬಿಸಿಲ್ರೀ, ಬೆಳದಿಂಗಳ ಇದ್ದಂಗ ಅದ” ಎಂದು ನನ್ನಾಕೆ ನಕ್ಕಳು.

ಎರಡು ದಿನ ಸುಧಾರಿಸಿಕೊಂಡು ಖರ್ದುಂಗ್ ಲಾಗೆ ಹೊರಟೆವು. ‘ಲಾ’ ಅಂದರೆ ಲಡಾಖಿ ಮಾತಿನಲ್ಲಿ ಘಾಟಿ. ಎತ್ತರ 5,300 ಮೀಟರಿಗೂ ಹೆಚ್ಚು. ಗಾಡಿ ನಿಂತಲ್ಲೆಲ್ಲ ಮೊಮ್ಮಗಳು ಹಿಮದುಂಡೆ ಮಾಡಿ ಆಡಿದಳು. ಸಂಜೆ ನೋಡಿದರೆ ಅವಳ ಗದ್ದದ ಕೆಳಗೆ, ಮೂಗಿನ ಅಡಿಯಲ್ಲಿ ಕೆಂಪು. ಮುಟ್ಟಿದರೆ ಉರಿ.

“ಮುತ್ಯಾ, ನಾ ಟೊಪಗಿ ಹಾಕ್ಕೊಂಡಿದ್ದೆ. ಚಳಿನೂ ಇತ್ತು. ಮತ್ತ ಹ್ಯಾಂಗ ಸುಟ್ಟಿತು?”

ಮೈ ಬೆಚ್ಚಗಾಗಿಸುವ ಕಿರಣವೇ ಬೇರೆ, ಚರ್ಮ ಸುಡುವ ಕಿರಣವೇ ಬೇರೆ. ಸುಡುವುದು ನೇರಳಾತೀತ ಕಿರಣ. ಅದು ಕಣ್ಣಿಗೆ ಕಾಣದು, ಬಿಸಿಯೂ ಅನಿಸದು. ವಾತಾವರಣ ಅದನ್ನು ಜರಡಿಯಂತೆ ಸೋಸುತ್ತದೆ. ಮೇಲೇರಿದಂತೆ ಆ ಜರಡಿ ತೆಳುವಾಗಿ, ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮವಂತೂ ತನ್ನ ಮೇಲೆ ಬಿದ್ದದ್ದರಲ್ಲಿ ಶೇ 80ರವರೆಗೂ ಕನ್ನಡಿಯಂತೆ ಮೇಲಕ್ಕೆ ಎಸೆಯುತ್ತದೆ. ಟೊಪಗಿ ತಲೆಯ ಮೇಲಿನ ಬಿಸಿಲನ್ನು ತಡೆಯಿತು. ಕೆಳಗಿನಿಂದ ಬಂದದ್ದು ಗದ್ದಕ್ಕೆ ತಾಗಿತು.

ಈ ಕಿರಣ ಚರ್ಮದ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತದೆ. ದುರಸ್ತಿಗೆಂದು ದೇಹ ಅಲ್ಲಿಗೆ ಹೆಚ್ಚು ರಕ್ತ ಹರಿಸುತ್ತದೆ. ಕೆಲವು ಗಂಟೆ ಬಿಟ್ಟು ಕಾಣುವ ಕೆಂಪು ಅದೇ. ದುರಸ್ತಿಯಾಗದ ಕೋಶಗಳು ತಾವೇ ಸತ್ತು, ಕೆಲವು ದಿನಗಳಲ್ಲಿ ಸಿಪ್ಪೆಯಂತೆ ಸುಲಿದು ಹೋಗುತ್ತವೆ. ನಮ್ಮ ಕಂದು ಚರ್ಮದ ಮೆಲನಿನ್ ಕೊಡೆ ಹಿಡಿಯುತ್ತದೆ ನಿಜ, ಆದರೆ ಅದು ತೂತಿಲ್ಲದ ಕೊಡೆಯಲ್ಲ. ಮತ್ತೆ ಮತ್ತೆ ಸುಟ್ಟರೆ ಕೆಲವು ಹಾನಿ ಹಾಗೇ ಉಳಿದು, ವರ್ಷಗಳ ಮೇಲೆ ಚರ್ಮದ ಕ್ಯಾನ್ಸರಿಗೂ ಕಾರಣವಾಗಬಹುದು.

ತಣ್ಣೀರು ಬಟ್ಟೆ ಇಟ್ಟ ಮೇಲೆ ಉರಿ ತಗ್ಗಿತು. ಮರುದಿನ ನಮ್ಮ ಡ್ರೈವರ್ ತಾವು ಮಾಡಿಕೊಳ್ಳುವಂತೆಯೇ ಅವಳಿಗೂ ಮೂಗಿನವರೆಗೆ ತೆಳುವಾದ ಬಟ್ಟೆ ಸುತ್ತಿದರು. ಕಪ್ಪು ಕನ್ನಡಕವನ್ನೂ ಹಾಕಿಸಿದರು. ಹಿಮದ ಬೆಳಕು ಕಣ್ಣನ್ನೂ ಸುಡುತ್ತದೆ.

ನಿಮ್ಮು ಎಂಬಲ್ಲಿ ಸಿಂಧೂ, ಝನ್‌ಸ್ಕಾರ್ ನದಿಗಳು ಕೂಡುತ್ತವೆ. ಅಲ್ಲಿ ಮಧ್ಯಾಹ್ನ ಅವಳಿಗೊಂದು ಅಳತೆ ಹೇಳಿಕೊಟ್ಟೆ. ಮಕ್ಕಳೇ, ನೀವೂ ನಿಮ್ಮ ಅಂಗಳದಲ್ಲಿ ನೋಡಿ: ನೆರಳು ನಿಮಗಿಂತ ಉದ್ದವಿದ್ದರೆ ಆಡಬಹುದು. ನಿಮಗಿಂತ ಗಿಡ್ಡವಾಯಿತೋ, ಚಳಿಯೇ ಇರಲಿ, ಮರದ ಕೆಳಗೆ ಬನ್ನಿ. ಅಜ್ಜ ಅಜ್ಜಿಯನ್ನೂ ಕರೆತನ್ನಿ.