ಬಟ್ಟಲು ನೀಡುವ ಮುನ್ನ

ನಮ್ಮ ಊರಿನ ಹೆಸರು ಮಂಗಳೂರು. ಕಡಲತೀರದ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಎರೆನೆಲದ ಮಂಗಳೂರು. ಈ ಹೆಸರಿನ ದೆಸೆಯಿಂದ ನಮ್ಮ ಅಂಗಡಿಗೆ ಬರಬೇಕಾದ ಎಷ್ಟೋ ಪತ್ರಗಳು ಹಿಂದೆ ಘಟ್ಟ ಇಳಿದುಹೋಗಿ ವಾರಗಟ್ಟಲೆ ತಡವಾಗಿ ತಿರುಗಿ ಬಂದದ್ದುಂಟು. ಕಳೆದ ಚಳಿಗಾಲದಲ್ಲಿ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಬಂದಾಗ, ಕಂದುಬಣ್ಣದ ಗಟ್ಟಿಯೊಂದನ್ನು ಕಾಗದದಿಂದ ಬಿಚ್ಚಿ ನನ್ನ ಮುಂದಿರಿಸಿದಳು.

“ದೊಡ್ಡಪ್ಪಾ, ಇದು ಆ ಮಂಗಳೂರು ಕಡೀದು, ಕೋಕೋ. ಇದನ್ನ ಕುಡಿದು ಧ್ಯಾನಕ್ಕ ಕೂಡೋ ಸಭಾ ನಾನು ನಡಸಬೇಕಂತ ಮಾಡೀನಿ. ಮೊದಲನೇದು ಅವ್ವ ಇದ್ದ ಊರ ಕಡೆನ ಆಗ್ಲಿ. ಬಸದಿ ಹಾಲ್ ಒಂದು ಹುಣ್ಣಿಮಿ ರಾತ್ರಿ ಕೊಡಸ್ತೀರೇನು?”

ನಾನು ಆ ಟ್ರಸ್ಟಿನ ಸದಸ್ಯ. ಒಮ್ಮೆಲೇ ಇಲ್ಲವೆಂದು ಹೇಳಬಹುದಾಗಿತ್ತು. ಹೇಳುವ ಬಾಯಿ ಬರಲಿಲ್ಲ. ಅವಳ ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಆ ದಿನಗಳಲ್ಲಿ ನಮ್ಮ ಮನೆಗೆ ಬಂದ ಬಂಧುಗಳೆಲ್ಲ ಸಂಸಾರದ ಅನಿತ್ಯತೆಯ ಬಗ್ಗೆ ಮಾತನಾಡಿದರು. ನಾನೂ ಹನ್ನೆರಡು ಅನುಪ್ರೇಕ್ಷೆಗಳನ್ನು ವಿವರಿಸಿದೆ. ಹುಡುಗಿಯನ್ನು “ನಿನಗೆ ಹೇಗಾಗಿದೆ?” ಎಂದು ಯಾರೂ ಕೇಳಲಿಲ್ಲ. ಬೆಂಗಳೂರಿನ ಇಂಥದೊಂದು ಕೋಕೋ ಸಭೆಯಲ್ಲಿ, ಹೆಸರೂ ತಿಳಿಯದ ಜನರ ನಡುವೆ, ತಾನು ಮೊದಲ ಬಾರಿಗೆ ಅತ್ತೆನೆಂದು ಅವಳು ಹೇಳಿದಳು. ಶಾಸ್ತ್ರ ಹೇಳುವ ದೊಡ್ಡಪ್ಪನಿಗೆ ಇದಕ್ಕೆ ಉತ್ತರವಿರಲಿಲ್ಲ.

ಈ ಸಭೆಯ ಕ್ರಮವನ್ನು ವಾಚಕರಿಗೆ ತಿಳಿಸುವುದು ಅವಶ್ಯ. ಹತ್ತು ಹದಿನೈದು ಜನ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ನಡುವೆ ಹೂವು, ದೀಪ. ಸಕ್ಕರೆ ಬೆರೆಸದ ಕೋಕೋ ಗಟ್ಟಿಯನ್ನು, ಆಳಿಗೆ ಇಪ್ಪತ್ತೈದರಿಂದ ನಲವತ್ತು ಗ್ರಾಮಿನಷ್ಟು, ಬಿಸಿನೀರಿನಲ್ಲಿ ಕದಡಿ ಮೆಣಸಿನಪುಡಿ, ದಾಲ್ಚಿನ್ನಿ, ಅನೇಕ ಕಡೆ ಜೇನುತುಪ್ಪ ಬೆರೆಸುತ್ತಾರೆ. ಪ್ರತಿಯೊಬ್ಬರೂ ಒಂದು ಸಂಕಲ್ಪ ಮಾಡಿ ನಿಧಾನವಾಗಿ ಕುಡಿಯುತ್ತಾರೆ. ಆಮೇಲೆ ಮೌನ, ಹಾಡು, ಕೊನೆಗೆ ಮನಸ್ಸಿನ ಮಾತು. ನಡೆಸುವವರು ಇದನ್ನು ಪ್ರಾಚೀನ ವಿಧಿಯೆನ್ನುತ್ತಾರೆ. ಅಮೆರಿಕ ಖಂಡದಲ್ಲಿ ಕೋಕೋ ಬಳಕೆ ಪ್ರಾಚೀನವೆಂಬುದು ನಿಜ. ಈಕ್ವೆಡಾರ್ ದೇಶದಲ್ಲಿ ಸುಮಾರು 5,300 ವರ್ಷಗಳ ಹಿಂದಿನ ಪಾತ್ರೆಗಳಲ್ಲಿ ಅದರ ಅಂಶ ದೊರೆತದ್ದು 2018ರಲ್ಲಿ ಪ್ರಕಟವಾಯಿತು. ಅಜ್ಟೆಕ್ ಜನರಿಗೆ ಅದರ ಬೀಜವೇ ನಾಣ್ಯ. ವ್ಯಾಪಾರಿಯಾದ ನನಗೆ ಈ ಸಂಗತಿ ಬಹಳ ಹಿಡಿಸಿತು. ಗಲ್ಲಾಪೆಟ್ಟಿಗೆಯಲ್ಲಿಟ್ಟ ಹಣವನ್ನು ಕುದಿಸಿ ಕುಡಿಯಬಹುದಾದ ನಾಡು! ಆದರೆ ಪರಿಚಯವಿಲ್ಲದವರು ಶುಲ್ಕ ಕೊಟ್ಟು ವೃತ್ತದಲ್ಲಿ ಕೂಡುವ ಈಗಿನ ರೂಪ ಗ್ವಾಟೆಮಾಲಾದ ಅಟಿಟ್ಲಾನ್ ಸರೋವರದ ದಡದಿಂದ ಈಚಿನ ಕೆಲವು ದಶಕಗಳಲ್ಲಿ ಹರಡಿದ್ದು.

ಇದೇ ಪಾನೀಯದ ಬಗ್ಗೆ ಯುರೋಪಿನ ಕ್ರೈಸ್ತರಲ್ಲಿ ನಡೆದ ಚರ್ಚೆ ನಮ್ಮವರಿಗೆ ಪರಿಚಿತವೆನಿಸೀತು. ಚಾಕೊಲೇಟು ಕುಡಿದರೆ ಉಪವಾಸ ಭಂಗವಾಗುವುದೇ ಇಲ್ಲವೇ ಎಂಬ ಪ್ರಶ್ನೆಯ ಮೇಲೆಯೇ ಲಿಯೋನ್ ಪಿನೆಲೊ ಎಂಬಾತ 1636ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅದೇ ಶತಮಾನದಲ್ಲಿ ಕಾರ್ಡಿನಲ್ ಬ್ರಾಂಕಾಚ್ಚಿಯೊ ಅದು ಪಾನೀಯವಾದ್ದರಿಂದ ಭಂಗವಿಲ್ಲವೆಂದು ವಾದಿಸಿದರು. ಪರ್ಯುಷಣದಲ್ಲಿ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳೂ ಇದೇ ಜಾತಿಯವು.

ಇನ್ನು ಭಕ್ಷ್ಯಾಭಕ್ಷ್ಯದ ವಿಚಾರ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ದರ್ಶನಕ್ಕೆ ಹೋದಾಗ ಆ ಸೀಮೆಯ ಅಡಿಕೆ ತೋಟವೊಂದರಲ್ಲಿ ಕೋಕೋ ಗಿಡಗಳನ್ನು ಕಂಡಿದ್ದೆ. ಕಾಯಿ ರೆಂಬೆಯ ತುದಿಯಲ್ಲಿರದೆ ಕಾಂಡಕ್ಕೇ ಅಂಟಿಕೊಂಡು ತೂಗುತ್ತದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ 1973ರಲ್ಲಿ ಹುಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ತೆರೆದದ್ದರಿಂದ ಅಲ್ಲಿಯ ರೈತರಿಗೆ ಈ ಬೆಳೆಗೆ ನೆಲೆ ಸಿಕ್ಕಿತು. ಒಡೆದ ಕಾಯಿಯ ಬೀಜಗಳನ್ನು ಅವುಗಳ ಬಿಳಿಯ ಲೋಳೆಯ ಸಮೇತ ಬುಟ್ಟಿಗೆ ತುಂಬಿ, ಬಾಳೆಯೆಲೆ ಗೋಣಿಚೀಲ ಹೊದಿಸಿ ಐದಾರು ದಿನ ಹುಳಿಯಲು ಬಿಟ್ಟಿದ್ದರು. ಕೈಯಿಟ್ಟರೆ ಬಿಸಿ, ಮೂಗಿಗೆ ಹುಳಿವಾಸನೆ, ಸುತ್ತಲೂ ಸಣ್ಣ ನೊಣಗಳು. ಹೀಗೆ ಹುಳಿಯದಿದ್ದರೆ ಚಾಕೊಲೇಟಿನ ರುಚಿ ಬರುವುದಿಲ್ಲವಂತೆ. ಸೂಕ್ಷ್ಮಜೀವಿಗಳ ಹಿಂಸೆಯನ್ನು ನೆನೆಯುವ ಕಟ್ಟುನಿಟ್ಟಿನ ವ್ರತಿಕರು ಇದನ್ನು ಒಲ್ಲೆನೆಂದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಮಕ್ಕಳು ಚಾಕೊಲೇಟನ್ನು ಜೇಬಿನಲ್ಲಿಟ್ಟುಕೊಂಡೇ ಬಸದಿಗೆ ಬರುವಾಗ, ಈ ಹುಡುಗಿಯ ಬಟ್ಟಲಿಗೆ ಮಾತ್ರ ಶಾಸ್ತ್ರ ಹಚ್ಚುವುದು ನ್ಯಾಯವಲ್ಲ. ಅಂತಿಮ ನಿರ್ಣಯ ಮುನಿಮಹಾರಾಜರಿಗೆ ಸೇರಿದ್ದು. ಜೇನುತುಪ್ಪದಲ್ಲಿ ಮಾತ್ರ ಸಂದೇಹಕ್ಕೆಡೆಯಿಲ್ಲ. ಮದ್ಯ ಮಾಂಸಗಳೊಡನೆ ಮಧುವನ್ನೂ ತ್ಯಜಿಸುವುದು ಶ್ರಾವಕನ ಮೂಲಗುಣ. ರಾತ್ರಿಭೋಜನ ತ್ಯಾಗವಿರುವಾಗ ಹುಣ್ಣಿಮೆಯ ರಾತ್ರಿ ಬಸದಿಯ ಆವರಣದಲ್ಲಿ ಬಟ್ಟಲು ಹಂಚುವ ಮಾತೂ ಇಲ್ಲ. ಇಷ್ಟನ್ನು ಅವಳು ತಕರಾರಿಲ್ಲದೆ ಒಪ್ಪಿದಳು. ಬೆಲ್ಲ ಸಾಕು, ಮಧ್ಯಾಹ್ನವೇ ಆಗಲಿ ಎಂದಳು.

ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ನಡೆಸುವ ಅರ್ಹತೆ ಹೇಗೆ ಬಂತೆಂದು ಕೇಳಿದೆ. ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರ. ನಗು ಬಂದದ್ದು ನಿಜ. ಆದರೆ ನನಗೆ ಯಾರು ಪ್ರಮಾಣಪತ್ರ ಕೊಟ್ಟಿದ್ದರು? ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತವನು ನಾನು. ತಂದೆಯವರು ತೀರಿಕೊಂಡ ಮೇಲೆ, ಮೂವತ್ತೆರಡರ ವಯಸ್ಸಿನಲ್ಲಿ, ಅವರು ನಡೆಸುತ್ತಿದ್ದ ಸ್ವಾಧ್ಯಾಯವನ್ನು ನನ್ನ ಕೈಗೆ ಕೊಟ್ಟರು, ತೆಗೆದುಕೊಂಡೆ. ಮೊದಲ ದಶಲಕ್ಷಣ ಪರ್ವದಲ್ಲಿ ಉತ್ತಮ ತಪದ ದಿನ ಉತ್ಸಾಹದಿಂದ ಉಪವಾಸದ ಮಹಿಮೆಯನ್ನು ಹೇಳಿದೆ. ವೃದ್ಧ ಶ್ರಾವಿಕೆಯೊಬ್ಬರು ಎದ್ದು, “ನನಗ ಸಕ್ಕರಿ ಬ್ಯಾನಿ ಅದಪ್ಪಾ, ಗುಳಗಿ ತೊಗೋತೀನಿ, ಉಪಾಸ ಹಿಡೀಲೇನು?” ಎಂದು ಕೇಳಿದರು. ನೆರೆದ ಜನರೆದುರು ತಿಳಿಯದೆಂದು ಹೇಳಲು ನಾಚಿಕೆಯಾಯಿತು. “ಶ್ರದ್ಧೆಯಿದ್ದರೆ ಏನೂ ಆಗುವುದಿಲ್ಲ, ಹಿಡಿಯಿರಿ” ಎಂದೆ. ಮರುದಿನ ಬೆಳಗಿನ ಜಾವ ಅವರು ಅಡುಗೆಮನೆಯಲ್ಲಿ ಪ್ರಜ್ಞೆತಪ್ಪಿ ಬಿದ್ದರು. ಆಸ್ಪತ್ರೆಯಲ್ಲಿ ಐದು ದಿನ. ಬದುಕಿದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಮ್ಮ ಅಂತರಾಯ ಕರ್ಮವೆಂದರು. ಅವರ ಕರ್ಮವಲ್ಲ, ನನ್ನ ಪ್ರಮಾದವೆಂದು ನಾನು ಬಲ್ಲೆ. ಇಂದಿಗೂ ಪ್ರತಿಕ್ರಮಣಕ್ಕೆ ಕುಳಿತಾಗ ಆ ಅಡುಗೆಮನೆ ಕಣ್ಣಮುಂದೆ ಬರುತ್ತದೆ. ಈ ಸಂಗತಿಯನ್ನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಂದು ಅವಳಿಗೆ ಹೇಳಿದೆ.

ಬಳಿಕ ಕೇಳಿದೆ: ನಿನ್ನ ಬಟ್ಟಲನ್ನು ಯಾರು ಕುಡಿಯಬಾರದು? ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ಉತ್ತೇಜಕವಿದೆ, ಸ್ವಲ್ಪ ಕೆಫೀನೂ ಇದೆ. ದೊಡ್ಡ ಪ್ರಮಾಣದಲ್ಲಿ ಕುಡಿದರೆ ನಾಡಿ ಚುರುಕಾಗುತ್ತದೆ. ಹೃದಯ ತೆರೆಯಿತೆಂದು ಕೆಲವರು ವರ್ಣಿಸುವುದರಲ್ಲಿ ಅದರ ಪಾಲೆಷ್ಟೋ! ಹೃದಯದ ರೋಗವುಳ್ಳವರು, ಗರ್ಭಿಣಿಯರು, ಖಿನ್ನತೆಗೆ ಕೆಲವು ಬಗೆಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ಅವಳ ತರಬೇತಿಯ ಪುಸ್ತಕದಲ್ಲಿಯೂ ಇದು ಒಂದು ಸಾಲಿನಲ್ಲಿತ್ತು. ದುಃಖದ ಭಾರ ಇಳಿಸಲು ಬರುವವರಲ್ಲಿಯೇ ಆ ಮಾತ್ರೆ ಸೇವಿಸುವವರು ಇರುತ್ತಾರಲ್ಲವೇ? ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಮೂರು ತಿಂಗಳು ಬಟ್ಟಲಿಲ್ಲದೆ ದಿನವೂ ಒಂದು ಸಾಮಾಯಿಕ, ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷ ಕುಳಿತು ನೋಡೆಂದೆ. ಮೊದಲ ವಾರ ಕಾಲು ಜೋಮು ಹಿಡಿದದ್ದನ್ನು ಬಿಟ್ಟರೆ ಏನೂ ಆಗಲಿಲ್ಲವೆಂದು ಫೋನಿನಲ್ಲಿ ಹೇಳಿದಳು. ನನಗೂ ಅನೇಕ ವರ್ಷ ಹಾಗೆಯೇ ಆಗಿತ್ತೆಂದು ನಿಜವನ್ನೇ ಹೇಳಿದೆ.

ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನ ಅವಳ ಮನೆಯಲ್ಲಿ ಒಂಬತ್ತು ಜನ ಕೂಡಿದರು. ನಾನು ಮೂಲೆಯಲ್ಲಿ ಸೋಸಿ ಕಾಯಿಸಿದ ನೀರಿನ ಲೋಟ ಹಿಡಿದು ಕುಳಿತಿದ್ದೆ. ಬಟ್ಟಲು ಕೊಡುವ ಮೊದಲು ಅವಳು ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ಮಾತನಾಡಿದಳು. ಇಬ್ಬರಿಗೆ ಕೋಕೋ ಬದಲು ಏಲಕ್ಕಿ ಹಾಕಿದ ಬೆಲ್ಲದ ನೀರು ಬಂತು; ಅದೇ ತರಹದ ಬಟ್ಟಲು, ನೋಡುವವರಿಗೆ ಭೇದ ಕಾಣದಂತೆ. ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತನಾಡಿದವರು, ಹೆಚ್ಚು ಅತ್ತವರು, ಬೆಲ್ಲದ ನೀರು ಕುಡಿದವರಲ್ಲಿ ಒಬ್ಬರು. ಯಾರೂ ಅವರಿಗೆ ಉಪದೇಶ ಮಾಡಲಿಲ್ಲ. ನಾನು ಎರಡು ಬಾರಿ ಬಾಯಿ ತೆರೆದು ಮುಚ್ಚಿಕೊಂಡೆ.

ಸಭಾಭವನದ ಅರ್ಜಿ ಟ್ರಸ್ಟಿನ ಮುಂದಿನ ಸಭೆಗೆ ಬರಲಿದೆ. ಹಗಲಿನಲ್ಲಿ, ಜೇನಿಲ್ಲದೆ, ಶುಲ್ಕವಿಲ್ಲದೆ, ಬೆಲ್ಲದ ನೀರಿನಿಂದಲೇ ಆಗುವುದಾದರೆ ಕೊಡಬಹುದೆಂದು ನನ್ನ ಅಭಿಪ್ರಾಯವನ್ನು ಬರೆದುಕೊಟ್ಟಿದ್ದೇನೆ. ಬಸದಿಯ ಜಾಗ ಸ್ವಾಧ್ಯಾಯಕ್ಕಷ್ಟೇ ಇರಲಿ ಎನ್ನುವ ಹಿರಿಯರೂ ಇದ್ದಾರೆ; ಅವರ ಮಾತಿನಲ್ಲಿ ತಥ್ಯವಿಲ್ಲವೆನ್ನಲಾರೆ. ಅರ್ಜಿದಾರಳು ನನ್ನ ತಮ್ಮನ ಮಗಳಾದ್ದರಿಂದ ಆ ವಿಷಯ ಚರ್ಚೆಗೆ ಬಂದಾಗ ನಾನು ಹೊರಗೆ ಕುಳಿತಿರುತ್ತೇನೆ.